ಪೇಟೆ ನಡುವಿನ ಸೈಕಲ್ ಪಥ: ಬಣ್ಣ ಬಳಿದರೆ ಸಾಲದು ಏಕೆ?

ಇರುವ ಸೈಕಲ್ ಪಥಗಳನ್ನು ಕಿತ್ತುಹಾಕಲು ಒಂದು ಸರ್ಕಾರ ಕಾನೂನನ್ನೇ ಮಾಡಿತು. ಎಂಟು ತಿಂಗಳ ಬಳಿಕ, ಹಾಗೆ ಕೀಳುವುದು ಸಂವಿಧಾನಕ್ಕೆ ವಿರುದ್ಧ ಎಂದು ನ್ಯಾಯಾಲಯ ತೀರ್ಪು ಕೊಟ್ಟಿತು. ಕೆನಡಾದ ಒಂಟಾರಿಯೊ ಪ್ರಾಂತ್ಯದಿಂದ ಬಂದ ಈ ಸುದ್ದಿ ಓದಿದ ಅನೇಕರಿಗೆ ತಲೆಬುಡ ಅರ್ಥವಾಗಲಿಲ್ಲ. ರಸ್ತೆಬದಿಯ ಎರಡು ಮೀಟರ್ ಜಾಗಕ್ಕೂ ಸಂವಿಧಾನಕ್ಕೂ ಏನು ಸಂಬಂಧ? ಅದಕ್ಕಿಂತಲೂ ಗೊಂದಲ ಹುಟ್ಟಿಸುವ ಸಂಗತಿ ಇನ್ನೊಂದಿದೆ. ಸಂಚಾರ ದಟ್ಟಣೆ ತಗ್ಗಿಸಲೆಂದೇ ಕೆಲವರು ಸೈಕಲ್ ಪಥ ಕಟ್ಟುತ್ತಾರೆ, ಅದೇ ಕಾರಣ ಹೇಳಿ ಇನ್ನು ಕೆಲವರು ಅದನ್ನು ಕೀಳಲು ಹೊರಡುತ್ತಾರೆ. ಇಬ್ಬರ ಮಾತೂ ನಿಜವಾಗಲು ಸಾಧ್ಯವಿಲ್ಲ. ಆದರೂ ಎರಡೂ ಕಡೆಯವರ ಬಳಿ ತೋರಿಸಲು ಒಂದಲ್ಲ ಒಂದು ರಸ್ತೆ ಇದ್ದೇ ಇರುತ್ತದೆ.

ಹೀಗಾಗಲು ಕಾರಣವಿದೆ. ‘ಸೈಕಲ್ ಪಥ’ ಎಂಬ ಒಂದೇ ಹೆಸರಿನಲ್ಲಿ ನಾವು ತೀರಾ ಬೇರೆ ಬೇರೆ ವಸ್ತುಗಳನ್ನು ಕರೆಯುತ್ತಿದ್ದೇವೆ. ಡಾಂಬರಿನ ಮೇಲೆ ಎಳೆದ ಬಿಳಿ ಗೆರೆಯೂ ಸೈಕಲ್ ಪಥವೇ. ಕಲ್ಲಿನ ಅಂಚು, ಪ್ರತ್ಯೇಕ ಸಿಗ್ನಲ್, ಸುರಕ್ಷಿತ ಜಂಕ್ಷನ್ ಇರುವ ಪೂರ್ಣ ಮಾರ್ಗವೂ ಸೈಕಲ್ ಪಥವೇ. ಮೊದಲನೆಯದರ ಸೋಲನ್ನು ಎರಡನೆಯದರ ತಲೆಗೆ ಕಟ್ಟುವುದರಿಂದಲೇ ಅರ್ಧ ಜಗಳ ಹುಟ್ಟುತ್ತದೆ.

ಟೊರಾಂಟೊದಲ್ಲಿ ನಡೆದದ್ದು

2024ರ ನವೆಂಬರ್‌ನಲ್ಲಿ ಒಂಟಾರಿಯೊ ಶಾಸನಸಭೆ 212ನೇ ಮಸೂದೆಗೆ ಒಪ್ಪಿಗೆ ನೀಡಿತು. ಟೊರಾಂಟೊ ನಗರದ ಬ್ಲೂರ್, ಯಂಗ್ ಮತ್ತು ಯೂನಿವರ್ಸಿಟಿ ಎಂಬ ಮೂರು ಮುಖ್ಯ ರಸ್ತೆಗಳ ಸೈಕಲ್ ಪಥಗಳನ್ನು ತೆಗೆದು, ಆ ಜಾಗವನ್ನು ಮತ್ತೆ ಮೋಟಾರು ವಾಹನಗಳಿಗೆ ಬಿಡುವುದು ಅದರ ಒಂದು ಭಾಗ. ಮುಂದೆ ಯಾವ ಪಾಲಿಕೆಯೇ ಆಗಲಿ, ವಾಹನಗಳ ಲೇನ್ ಕಡಿಮೆ ಮಾಡಿ ಸೈಕಲ್ ಪಥ ಮಾಡುವುದಾದರೆ ಪ್ರಾಂತ್ಯ ಸರ್ಕಾರದ ಅನುಮತಿ ಪಡೆಯಬೇಕು ಎಂಬುದು ಇನ್ನೊಂದು ಭಾಗ. ಸೈಕಲ್ ಸವಾರರ ಸಂಘಟನೆಯೊಂದು ನಾಗರಿಕರ ಜೊತೆ ಸೇರಿ ನ್ಯಾಯಾಲಯದ ಮೆಟ್ಟಿಲೇರಿತು.

2025ರ ಜುಲೈ 30ರಂದು ಬಂದ ತೀರ್ಪನ್ನು ಎಚ್ಚರದಿಂದ ಓದಬೇಕು. ಸೈಕಲ್ ಪಥ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದು ನ್ಯಾಯಾಲಯ ಹೇಳಲಿಲ್ಲ. ಹೊಸದಾಗಿ ಕಟ್ಟಿಕೊಡಿ ಎಂದೂ ಆದೇಶಿಸಲಿಲ್ಲ. ಅದರ ವಾದದ ಸರಣಿ ಹೀಗಿದೆ: ಈಗ ರಕ್ಷಣೆ ಕೊಡುತ್ತಿರುವ ಪಥವನ್ನು ತೆಗೆದರೆ ಜನ ಗಾಯಗೊಳ್ಳುವ, ಸಾಯುವ ಅಪಾಯ ಹೆಚ್ಚುತ್ತದೆ. ತೆಗೆಯುವುದರಿಂದ ದಟ್ಟಣೆ ತಗ್ಗುತ್ತದೆ ಎನ್ನಲು ಪುರಾವೆಯಿಲ್ಲ. ಹಾಗಿರುವಾಗ, ಸಾಧಿಸಬೇಕಾದ ಗುರಿಗೆ ಕೊಂಡಿಯೇ ಇಲ್ಲದ ಒಂದು ಕ್ರಮ ಜನರ ಜೀವ ಮತ್ತು ದೇಹದ ಸುರಕ್ಷತೆಯ ಹಕ್ಕನ್ನು ಮುರಿಯುತ್ತದೆ. ಮೇಲ್ಮನವಿ ಸಲ್ಲಿಸುವುದಾಗಿ ಸರ್ಕಾರ ಹೇಳಿತು. ಕಾನೂನಿನ ಹೋರಾಟ ಎಲ್ಲಿಗೇ ಹೋಗಿ ಮುಟ್ಟಲಿ, ತೀರ್ಪು ಎತ್ತಿದ ಎರಡು ಪ್ರಶ್ನೆಗಳು ವಾಹನ ದಟ್ಟಣೆಯಿರುವ ಎಲ್ಲ ಊರುಗಳಿಗೂ ಸೇರಿದವು. ಪಥ ನಿಜಕ್ಕೂ ಜೀವ ಉಳಿಸುತ್ತದೆಯೇ? ಪಥದಿಂದ ನಿಜಕ್ಕೂ ದಟ್ಟಣೆ ಹೆಚ್ಚುತ್ತದೆಯೇ?

ಪಥ ಯಾರಿಗಾಗಿ?

ಉತ್ತರಕ್ಕೆ ಮೊದಲು ಸವಾರರು ಯಾರು ಎಂಬುದು ಸ್ಪಷ್ಟವಾಗಬೇಕು. ಅಮೆರಿಕದ ಪೋರ್ಟ್‌ಲೆಂಡ್ ನಗರದ ಸೈಕಲ್ ಯೋಜನಾ ಸಂಯೋಜಕ ರೋಜರ್ ಗೆಲ್ಲರ್ ತಮ್ಮ ಊರಿನ ಜನರನ್ನು ಅಂದಾಜಿನ ಮೇಲೆ ನಾಲ್ಕು ಗುಂಪು ಮಾಡಿದ್ದರು. ಎಂಥ ರಸ್ತೆಯಲ್ಲೂ ನುಗ್ಗುವ ಧೈರ್ಯಶಾಲಿಗಳು ಶೇ 1ಕ್ಕೂ ಕಡಿಮೆ. ತಕ್ಕಮಟ್ಟಿಗೆ ಅನುಕೂಲವಿದ್ದರೆ ಸಾಕು ಎನ್ನುವವರು ಶೇ 7ರಷ್ಟು. ಏನೇ ಆದರೂ ಸೈಕಲ್ ಬೇಡ ಎನ್ನುವವರು ಮೂರನೆಯ ಒಂದು ಭಾಗ. ಉಳಿದ ಸುಮಾರು ಶೇ 60 ಮಂದಿಗೆ ತುಳಿಯುವ ಆಸೆಯಿದೆ, ಜೊತೆಗೆ ಭಯವೂ ಇದೆ. ನಂತರ ಬೇರೆ ಕಡೆ ನಡೆದ ಸಮೀಕ್ಷೆಗಳಲ್ಲಿ ಅಂಕಿಗಳು ಅಲ್ಪಸ್ವಲ್ಪ ಬದಲಾದರೂ ಆಸೆಯಿದ್ದೂ ಅಂಜುವವರ ಗುಂಪೇ ದೊಡ್ಡದು ಎಂಬ ಚಿತ್ರ ಹೆಚ್ಚು ಬದಲಾಗಲಿಲ್ಲ.

ಈ ಲೆಕ್ಕದ ಪರಿಣಾಮ ದೊಡ್ಡದು. ಇಂದು ಪೇಟೆ ಬೀದಿಯಲ್ಲಿ ಕಾಣುವ ಸೈಕಲ್ ಸವಾರರನ್ನು ಎಣಿಸಿ ‘ಇಷ್ಟು ಕಡಿಮೆ ಜನಕ್ಕೆ ಪಥ ಏಕೆ?’ ಎಂದು ಕೇಳುವವರು, ನದಿಯನ್ನು ಈಜಿ ದಾಟುವವರನ್ನು ಎಣಿಸಿ ಸೇತುವೆ ಬೇಕೇ ಬೇಡವೇ ಎಂದು ತೀರ್ಮಾನಿಸಿದಂತೆ ಆಗುತ್ತದೆ. ಪಥ ಬೇಕಾಗಿರುವುದು ಈಗ ಕಾಣದೇ ಇರುವವರಿಗೆ: ಶಾಲೆಗೆ ಹೋಗುವ ಮಕ್ಕಳಿಗೆ, ಮಗುವನ್ನು ಹಿಂದೆ ಕೂರಿಸಿಕೊಂಡ ತಾಯಂದಿರಿಗೆ, ಅರವತ್ತು ದಾಟಿದವರಿಗೆ. ಧೈರ್ಯಶಾಲಿಗಳನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಪಥಕ್ಕೆ ಇವರು ಯಾರೂ ಬರುವುದಿಲ್ಲ. ಪಥ ಖಾಲಿ ಬೀಳುತ್ತದೆ. ಆ ಖಾಲಿ ಪಥದ ಫೋಟೊ ಮುಂದಿನ ಚರ್ಚೆಯಲ್ಲಿ ಸಾಕ್ಷಿಯಾಗಿ ಬರುತ್ತದೆ.

ಕಣ್ಣಿಗೆ ಖಾಲಿಯಾಗಿ ಕಾಣುವ ಪಥವೆಲ್ಲ ನಿಜವಾಗಿ ಖಾಲಿಯಾಗಿರುವುದಿಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ನಿಂತ ಕಾರುಗಳ ಸಾಲು ಎಷ್ಟು ಹೊತ್ತು ನೋಡಿದರೂ ಅಲ್ಲೇ ಇರುತ್ತದೆ. ಹಸಿರು ದೀಪ ಬಿದ್ದೊಡನೆ ಇಪ್ಪತ್ತು ಸೈಕಲ್‌ಗಳು ಕೆಲವೇ ಸೆಕೆಂಡುಗಳಲ್ಲಿ ದಾಟಿ ಹೋಗುತ್ತವೆ, ಹಿಂದೆ ಬರೀ ಡಾಂಬರು ಉಳಿಯುತ್ತದೆ. ಆದ್ದರಿಂದ ಸಂಖ್ಯೆಯನ್ನು ಗಂಟೆಗಳ ಕಾಲ ನಿಂತು ಎಣಿಸಿಯೇ ಹೇಳಬೇಕು.

ಬಿಳಿ ಗೆರೆಯ ಮಿತಿ

ಪೇಟೆ ನಡುವೆ ಸಾಮಾನ್ಯವಾಗಿ ಮೊದಲು ಬರುವುದು ಅಗ್ಗದ ಪರಿಹಾರ. ರಸ್ತೆಯಂಚಿನಲ್ಲಿ ನಿಂತ ಕಾರುಗಳ ಸಾಲು, ಅದರ ಪಕ್ಕದಲ್ಲಿ ಒಂದೂಕಾಲು ಮೀಟರ್ ಅಗಲದ ಬಣ್ಣದ ಪಟ್ಟಿ, ಅದರಾಚೆ ಓಡುವ ವಾಹನಗಳು. ಇದನ್ನು ಸವಾರರ ಕಣ್ಣಿನಿಂದ ನೋಡೋಣ. ಸೈಕಲ್ ಹ್ಯಾಂಡಲ್ ಸುಮಾರು 60 ಸೆಂಟಿಮೀಟರ್ ಅಗಲವಿರುತ್ತದೆ. ಕಾರಿನ ಬಾಗಿಲು ಪೂರ್ತಿ ತೆರೆದರೆ ಹೆಚ್ಚುಕಡಿಮೆ ಒಂದು ಮೀಟರ್ ಹೊರಗೆ ಚಾಚುತ್ತದೆ. ಅಂದರೆ ಪಟ್ಟಿಯ ಬಹುಪಾಲು ಬಾಗಿಲಿನ ವ್ಯಾಪ್ತಿಯಲ್ಲೇ ಇದೆ. ಗಂಟೆಗೆ 20 ಕಿಲೊಮೀಟರ್ ವೇಗದಲ್ಲಿ ಹೋಗುವ ಸೈಕಲ್ ಒಂದು ಸೆಕೆಂಡಿಗೆ ಐದೂವರೆ ಮೀಟರ್ ದಾಟುತ್ತದೆ. ಐದು ಮೀಟರ್ ಮುಂದೆ ಬಾಗಿಲು ಥಟ್ಟನೆ ತೆರೆದುಕೊಂಡರೆ ಮೆದುಳು ಅದನ್ನು ಗ್ರಹಿಸಿ ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಬಾಗಿಲು ಎದೆಗೆ ಬಂದಿರುತ್ತದೆ. ತಪ್ಪಿಸಿಕೊಳ್ಳಲು ಹೊರಳಿದರೆ ಹಿಂದಿನಿಂದ ಬರುವ ಬಸ್ಸಿನ ಮುಂದಕ್ಕೇ ಹೊರಳಬೇಕು.

ಓಡುವ ವಾಹನಗಳ ಕಡೆಯಿಂದಲೂ ಗೆರೆ ಅಂಥ ರಕ್ಷಣೆ ಕೊಡುವುದಿಲ್ಲ. ಮೆಲ್ಬರ್ನ್‌ನಲ್ಲಿ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ಸವಾರರ ಸೈಕಲ್‌ಗಳಿಗೆ ದೂರ ಅಳೆಯುವ ಸಾಧನ ಕಟ್ಟಿ, ವಾಹನಗಳು ಎಷ್ಟು ಅಂತರದಲ್ಲಿ ಹಿಂದಿಕ್ಕುತ್ತವೆ ಎಂದು ದಾಖಲಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶ ಅನೇಕರ ನಂಬಿಕೆಯನ್ನು ತಲೆಕೆಳಗು ಮಾಡಿತು. ಏನೂ ಗುರುತಿಲ್ಲದ ರಸ್ತೆಗೆ ಹೋಲಿಸಿದರೆ ಬಣ್ಣದ ಪಟ್ಟಿ ಇರುವ ರಸ್ತೆಯಲ್ಲಿ ವಾಹನಗಳು ಸರಾಸರಿ 27 ಸೆಂಟಿಮೀಟರ್ ಹೆಚ್ಚು ಹತ್ತಿರದಿಂದ ಹಾದುಹೋಗುತ್ತಿದ್ದವು. ಪಟ್ಟಿಯ ಪಕ್ಕದಲ್ಲಿ ನಿಂತ ಕಾರುಗಳೂ ಇದ್ದರೆ 40 ಸೆಂಟಿಮೀಟರ್ ಹತ್ತಿರ. ಕಾರಣ ಊಹಿಸುವುದು ಕಷ್ಟವಲ್ಲ. ಗೆರೆಯಿಲ್ಲದಾಗ ಚಾಲಕ ‘ಈ ಸವಾರನನ್ನು ಹಿಂದಿಕ್ಕಬೇಕು’ ಎಂದು ಯೋಚಿಸಿ ಸರಿದು ಹೋಗುತ್ತಾನೆ. ಗೆರೆ ಇದ್ದರೆ ತನ್ನ ಲೇನ್‌ನಲ್ಲಿ ತಾನು ನೇರ ಹೋದರೆ ಸಾಕು ಎಂದುಕೊಳ್ಳುತ್ತಾನೆ.

ಈ ಪಾಠಕ್ಕೆ ಲಂಡನ್ ತೆತ್ತ ಬೆಲೆ ಭಾರಿಯದು. 2010ರಿಂದ ಅಲ್ಲಿ ‘ಸೈಕಲ್ ಸೂಪರ್‌ಹೈವೇ’ ಎಂಬ ದೊಡ್ಡ ಹೆಸರಿನಲ್ಲಿ ಬಂದ ಮೊದಲ ಮಾರ್ಗಗಳು ಬಹುಪಾಲು ನೀಲಿ ಬಣ್ಣದ ಪಟ್ಟಿಗಳು. 2013ರ ನವೆಂಬರ್‌ನಲ್ಲಿ ಎರಡೇ ವಾರಗಳಲ್ಲಿ ಆರು ಮಂದಿ ಸೈಕಲ್ ಸವಾರರು ಲಂಡನ್ನಿನ ರಸ್ತೆಗಳಲ್ಲಿ ಸತ್ತರು. ಸಾವುಗಳಿಂದ ಕುಖ್ಯಾತವಾಗಿದ್ದ ಎರಡನೇ ಸಂಖ್ಯೆಯ ಮಾರ್ಗವನ್ನು ಆಮೇಲೆ ಕಲ್ಲಿನ ಅಂಚು ಕಟ್ಟಿ ಬೇರ್ಪಡಿಸಲಾಯಿತು, ಆ ಕೆಲಸ ಮುಗಿದದ್ದು 2016ರಲ್ಲಿ. ಬೇರ್ಪಟ್ಟ ಪಥದ ಪರಿಣಾಮಕ್ಕೆ ಟೊರಾಂಟೊದಿಂದಲೇ ಸಾಕ್ಷ್ಯವಿದೆ. ಅಲ್ಲಿಯೂ ವ್ಯಾಂಕೂವರ್‌ನಲ್ಲಿಯೂ ಆಸ್ಪತ್ರೆ ಸೇರಿದ 690 ಗಾಯಾಳು ಸವಾರರ ಮಾಹಿತಿ ಆಧರಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪಕ್ಕದಲ್ಲಿ ಕಾರುಗಳು ನಿಲ್ಲುವ, ಸೈಕಲ್ ಸೌಲಭ್ಯವೇ ಇಲ್ಲದ ಮುಖ್ಯ ರಸ್ತೆಗೆ ಹೋಲಿಸಿದರೆ ಬೇರ್ಪಟ್ಟ ಪಥದಲ್ಲಿ ಗಾಯದ ಅಪಾಯ ಒಂಬತ್ತನೆಯ ಒಂದು ಭಾಗ ಮಾತ್ರ.

ಎಲ್ಲ ರಸ್ತೆಗೂ ಪಥ ಬೇಕೇ?

ಬೇಡ. ಇದು ಪಥದ ಪರ ಇರುವವರೂ ಆಗಾಗ ಮರೆಯುವ ಮಾತು. ಪೇಟೆಯೊಳಗಿನ ಕಿರಿದಾದ ಬೀದಿಗಳಲ್ಲಿ ಪಥಕ್ಕೆ ಜಾಗವೇ ಇರುವುದಿಲ್ಲ. ಅಲ್ಲಿ ಮಾಡಬೇಕಾದ ಕೆಲಸ ವಾಹನಗಳ ವೇಗ ಮತ್ತು ಸಂಖ್ಯೆ ಎರಡನ್ನೂ ಇಳಿಸುವುದು.

ವೇಗದ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಒತ್ತಲು ಚಾಲಕನಿಗೆ ಒಂದು ಸೆಕೆಂಡ್ ಬೇಕು ಎಂದಿಟ್ಟುಕೊಳ್ಳೋಣ. ಒಣ ರಸ್ತೆಯಲ್ಲಿ ಗಂಟೆಗೆ 30 ಕಿಲೊಮೀಟರ್ ವೇಗದ ಕಾರು ಆ ಒಂದು ಸೆಕೆಂಡ್ ಸೇರಿ ಸುಮಾರು 13 ಮೀಟರ್‌ನಲ್ಲಿ ಪೂರ್ತಿ ನಿಲ್ಲುತ್ತದೆ. ಗಂಟೆಗೆ 50 ಕಿಲೊಮೀಟರ್ ವೇಗದ ಕಾರು ಅದೇ ಒಂದು ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಓಡಿರುತ್ತದೆ. ಅಂದರೆ ಮೊದಲ ಕಾರು ನಿಂತ ಜಾಗವನ್ನು ಎರಡನೆಯದು ದಾಟುವಾಗ ಅದರ ಬ್ರೇಕ್ ಇನ್ನೂ ಹಿಡಿದೇ ಇರುವುದಿಲ್ಲ. ಎದುರಿಗೆ ಮಗುವಿದ್ದರೆ ಪೂರ್ಣ ವೇಗದಲ್ಲೇ ಬಡಿಯುತ್ತದೆ. ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಆ ಪೆಟ್ಟು 30ರ ವೇಗದ ಪೆಟ್ಟಿಗಿಂತ ಎರಡೂಮುಕ್ಕಾಲು ಪಟ್ಟು ಹೆಚ್ಚು.

ಹಾಗಾಗಿ ಪಥ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದಕ್ಕೆ ಒಂದು ಅಳತೆ ಇದೆ. ಇಂಗ್ಲೆಂಡಿನ 2020ರ ವಿನ್ಯಾಸ ಮಾರ್ಗಸೂಚಿಯ ಪ್ರಕಾರ ದಿನಕ್ಕೆ 2,500ಕ್ಕಿಂತ ಹೆಚ್ಚು ವಾಹನಗಳು, ಗಂಟೆಗೆ 20 ಮೈಲಿ ಅಂದರೆ ಸುಮಾರು 32 ಕಿಲೊಮೀಟರ್ ಮೀರಿದ ವೇಗದಲ್ಲಿ ಓಡುವ ರಸ್ತೆಯಲ್ಲಿ ಬಹುತೇಕ ಜನರಿಗೆ ವಾಹನಗಳ ನಡುವೆ ಸೈಕಲ್ ತುಳಿಯುವುದು ಹಿತವೆನಿಸುವುದಿಲ್ಲ. ಅದಕ್ಕಿಂತ ಕೆಳಗಿನ ಬೀದಿಯಲ್ಲಿ ಎಲ್ಲರೂ ರಸ್ತೆ ಹಂಚಿಕೊಳ್ಳಬಹುದು, ಮೇಲಿನದರಲ್ಲಿ ಬೇರ್ಪಡಿಸಲೇಬೇಕು. ವೇಗಮಿತಿಯ ಫಲಕವೊಂದನ್ನೇ ನೆಟ್ಟರೆ ವೇಗ ಇಳಿಯುವುದಿಲ್ಲ. ರಸ್ತೆಯ ಅಗಲ ಕಿರಿದಾಗಬೇಕು, ತಿರುವು ಬಿಗಿಯಾಗಬೇಕು, ದಾಟುವ ಕಡೆ ನೆಲ ಎತ್ತರವಾಗಬೇಕು.

ಜಂಕ್ಷನ್: ಪಥ ಸಾಯುವ ಜಾಗ

ಎರಡು ಜಂಕ್ಷನ್‌ಗಳ ನಡುವಿನ ನೇರ ರಸ್ತೆಯಲ್ಲಿ ಪಥ ಮಾಡುವುದು ಸುಲಭ. ಅದಕ್ಕೇ ಯೋಜನೆಗಳು ಅಲ್ಲಿ ಚೆಂದ ಕಾಣುತ್ತವೆ. ಜಂಕ್ಷನ್‌ಗೆ ಮೂವತ್ತು ಮೀಟರ್ ಇರುವಾಗ ಕಲ್ಲಿನ ಅಂಚು ಮುಗಿದು ಪಥ ಮಾಯವಾಗುತ್ತದೆ, ದಾಟಿದ ಮೇಲೆ ಮತ್ತೆ ಪ್ರತ್ಯಕ್ಷವಾಗುತ್ತದೆ. ವಾಹನಗಳ ದಾರಿಯನ್ನು ಸೈಕಲ್ ಕತ್ತರಿಸಲೇಬೇಕಾದ ಜಾಗ ಜಂಕ್ಷನ್. ರಕ್ಷಣೆ ಹೆಚ್ಚು ಬೇಕಾದ ಕಡೆಯೇ ಅದು ಇಲ್ಲವಾಗುತ್ತದೆ. ಒಂದು ಮಾರ್ಗದ ಯೋಗ್ಯತೆಯನ್ನು ಅದರ ಉದ್ದದಿಂದ ಅಳೆಯುವ ರೂಢಿ ತಪ್ಪು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಮಗಳನ್ನು ಸೈಕಲ್‌ನಲ್ಲಿ ಕಳುಹಿಸಬೇಕೇ ಎಂದು ಯೋಚಿಸುವ ತಂದೆಯ ಕಣ್ಣಮುಂದೆ ಬರುವುದು ಮೂರು ಕಿಲೊಮೀಟರ್ ಪಥವಲ್ಲ, ನಡುವೆ ಸಿಗುವ ಆ ಒಂದು ವೃತ್ತ.

ಅಪಘಾತ ನಡೆಯುವ ಬಗೆಯನ್ನು ಹತ್ತಿರದಿಂದ ನೋಡೋಣ. ರಸ್ತೆಯ ಎಡಗಡೆ ಸಂಚರಿಸುವ ದೇಶವೊಂದನ್ನು ಊಹಿಸಿಕೊಳ್ಳಿ. ಲಾರಿಯೊಂದು ಎಡಕ್ಕೆ ತಿರುಗಬೇಕಿದೆ, ಅದರ ಎಡಗಡೆ ನಿಂತ ಸೈಕಲ್ ನೇರ ಹೋಗಬೇಕಿದೆ. ಹಸಿರು ಬೀಳುತ್ತದೆ. ಇಬ್ಬರೂ ಹೊರಡುತ್ತಾರೆ. ಎತ್ತರದ ಕ್ಯಾಬಿನ್ನಿನಲ್ಲಿ ಕುಳಿತ ಚಾಲಕನಿಗೆ ತನ್ನ ಎಡಗಡೆ ಮುಂಭಾಗದ ನೆಲ ಕಾಣುವುದೇ ಇಲ್ಲ. ಉದ್ದನೆಯ ಲಾರಿ ತಿರುಗುವಾಗ ಹಿಂದಿನ ಚಕ್ರಗಳು ಮುಂದಿನವುಗಳ ಜಾಡಿನಲ್ಲಿ ಬರದೆ ಒಳಗಿನ ಮೂಲೆಯನ್ನು ಕತ್ತರಿಸಿಕೊಂಡು ಬರುತ್ತವೆ. ಸವಾರ ನಿಂತಿರುವುದು ಸರಿಯಾಗಿ ಆ ಮೂಲೆಯಲ್ಲೇ. ಇಲ್ಲಿ ಇಬ್ಬರಲ್ಲಿ ಯಾರೂ ನಿಯಮ ಮುರಿದಿರಬೇಕಾಗಿಲ್ಲ. ಲಂಡನ್ ನಗರವು ಚಾಲಕನ ನೇರ ನೋಟ ಎಷ್ಟು ಎಂಬುದರ ಆಧಾರದ ಮೇಲೆ ಭಾರಿ ಲಾರಿಗಳಿಗೆ ಪರವಾನಗಿ ಕಡ್ಡಾಯ ಮಾಡಿ, 2021ರಿಂದ ಅದನ್ನು ಜಾರಿಗೊಳಿಸಿದ್ದರ ಹಿಂದೆ ಇಂಥ ಸಾವುಗಳ ಸರಣಿಯೇ ಇದೆ.

ಡಚ್ಚರು ಈ ಮೂಲೆಯನ್ನು ಬೇರೆ ರೀತಿ ಕಟ್ಟುತ್ತಾರೆ. ಮೂಲೆಯಲ್ಲಿ ಬಾದಾಮಿ ಆಕಾರದ ಒಂದು ಪುಟ್ಟ ಕಲ್ಲಿನ ದ್ವೀಪ ಬರುತ್ತದೆ. ಅದರಿಂದ ಮೂರು ಕೆಲಸ ಒಟ್ಟಿಗೆ ಆಗುತ್ತವೆ. ತಿರುವು ಬಿಗಿಯಾಗಿ ವಾಹನ ತಾನಾಗಿಯೇ ನಿಧಾನವಾಗುತ್ತದೆ. ಸೈಕಲ್ ದಾಟುವ ಪಟ್ಟಿ ಜಂಕ್ಷನ್ನಿನಿಂದ ಸುಮಾರು ಒಂದು ಕಾರಿನ ಉದ್ದ, ಅಂದರೆ ಐದು ಮೀಟರಿನಷ್ಟು ಹಿಂದೆ ಸರಿಯುತ್ತದೆ. ಆದ್ದರಿಂದ ವಾಹನ ಅಲ್ಲಿಗೆ ಬರುವಷ್ಟರಲ್ಲಿ ತಿರುವನ್ನು ಬಹುಪಾಲು ಮುಗಿಸಿರುತ್ತದೆ ಮತ್ತು ಸವಾರ ಕನ್ನಡಿಯ ಕತ್ತಲ ಮೂಲೆಯ ಬದಲು ಮುಂದಿನ ಗಾಜಿನಲ್ಲಿ ನೇರವಾಗಿ ಕಾಣುತ್ತಾನೆ. ಕೆಂಪು ದೀಪಕ್ಕೆ ಕಾಯುವ ಸವಾರರು ವಾಹನಗಳಿಗಿಂತ ಮುಂದೆ ನಿಂತಿರುತ್ತಾರೆ. ವಾಹನ ದಟ್ಟಣೆ ಹೆಚ್ಚಿರುವ ಕಡೆ ಸೈಕಲ್‌ಗೆ ಪ್ರತ್ಯೇಕ ಹಸಿರು ದೀಪ ಬೇಕು. ಕೊನೆಯ ಪಕ್ಷ ವಾಹನಗಳಿಗಿಂತ ಕೆಲವು ಸೆಕೆಂಡ್ ಮೊದಲಾದರೂ ಹಸಿರು ಬೀಳಬೇಕು.

ರಸ್ತೆಯ ಒಂದೇ ಬದಿಯಲ್ಲಿ ಎರಡೂ ದಿಕ್ಕಿನ ಸೈಕಲ್‌ಗಳಿಗೆ ಪಥ ಮಾಡುವುದು ಜಾಗ ಉಳಿಸುವ ಉಪಾಯ. ಆದರೆ ಅಡ್ಡರಸ್ತೆಗಳು ಹೆಚ್ಚಿರುವ ಪೇಟೆಯಲ್ಲಿ ಅದು ಅಪಾಯಕಾರಿ. ಅಡ್ಡರಸ್ತೆಯಿಂದ ಬರುವ ಚಾಲಕ ವಾಹನ ಬರುವ ದಿಕ್ಕನ್ನು ನೋಡುತ್ತಾನೆಯೇ ಹೊರತು ಅದಕ್ಕೆ ಎದುರು ದಿಕ್ಕಿನಿಂದ ಸೈಕಲ್ ಬರಬಹುದೆಂದು ಎಣಿಸಿರುವುದಿಲ್ಲ. ಅಡ್ಡರಸ್ತೆ ವಿರಳವಾಗಿರುವ ನದಿದಂಡೆ, ಕೆರೆಯಂಚು, ರೈಲುಹಳಿಯ ಬದಿಗೆ ಈ ವಿನ್ಯಾಸ ಸರಿ.

ಜಾಗ ಎಲ್ಲಿಂದ ಬರುತ್ತದೆ?

ವಿರೋಧದ ಮುಖ್ಯ ವಾದ ಇಲ್ಲಿದೆ, ಅದನ್ನು ಗೌರವದಿಂದ ಕೇಳಬೇಕು. ರಸ್ತೆ ಅಗಲವಾಗುವುದಿಲ್ಲ. ಪಥಕ್ಕೆ ಜಾಗ ಕೊಡಬೇಕೆಂದರೆ ಒಂದು ಲೇನ್ ಹೋಗಬೇಕು, ಇಲ್ಲವೇ ಕಾರು ನಿಲ್ಲಿಸುವ ಜಾಗ ಹೋಗಬೇಕು. ಮೊದಲೇ ತುಂಬಿ ತುಳುಕುವ ರಸ್ತೆಯಲ್ಲಿ ಒಂದು ಲೇನ್ ಕಿತ್ತರೆ ಉಳಿದ ಲೇನ್‌ನಲ್ಲಿ ದಟ್ಟಣೆ ಇಮ್ಮಡಿಯಾಗುವುದಿಲ್ಲವೇ?

ಪ್ರಶ್ನೆ ಸಹಜ. ಆದರೆ ಅದು ವಾಹನಗಳನ್ನು ಕೊಳವೆಯಲ್ಲಿ ಹರಿಯುವ ನೀರೆಂದು ಭಾವಿಸುತ್ತದೆ. ನೀರಿಗೆ ಬೇರೆ ದಾರಿ ಆಯ್ದುಕೊಳ್ಳಲು ಬರುವುದಿಲ್ಲ, ಜನರಿಗೆ ಬರುತ್ತದೆ. ರಸ್ತೆಯ ಜಾಗ ಕಡಿಮೆಯಾದಾಗ ಕೆಲವರು ಹೊತ್ತು ಬದಲಿಸುತ್ತಾರೆ, ಕೆಲವರು ಹೊರವರ್ತುಲದಲ್ಲಿ ಸುತ್ತಿ ಹೋಗುತ್ತಾರೆ, ಕೆಲವರು ಎರಡು ಓಡಾಟವನ್ನು ಒಂದು ಮಾಡುತ್ತಾರೆ, ಕೆಲವರು ಬಸ್ ಹತ್ತುತ್ತಾರೆ ಅಥವಾ ಸೈಕಲ್ ಹಿಡಿಯುತ್ತಾರೆ. ಹನ್ನೊಂದು ದೇಶಗಳ ಸುಮಾರು 70 ಪ್ರಕರಣಗಳನ್ನು ಪರಿಶೀಲಿಸಿದ ಬ್ರಿಟನ್ನಿನ ಸಂಶೋಧಕರು, ಅರ್ಧದಷ್ಟು ಪ್ರಕರಣಗಳಲ್ಲಿ ಶೇ 11ರಷ್ಟು ಅಥವಾ ಅದಕ್ಕೂ ಹೆಚ್ಚು ವಾಹನ ಸಂಚಾರ ಸುತ್ತಲಿನ ರಸ್ತೆಗಳಲ್ಲೂ ಕಾಣಿಸಿಕೊಳ್ಳದೆ ಕರಗಿತ್ತು ಎಂದು ಕಂಡುಕೊಂಡರು. ಇದನ್ನು ಹಿಗ್ಗಿಸಿ ಹೇಳಬಾರದು. ಉಳಿದ ಪ್ರಕರಣಗಳಲ್ಲಿ ಅಷ್ಟು ಕರಗಲಿಲ್ಲ. ಬಸ್ಸೂ ಇಲ್ಲದ, ಬದಲಿ ದಾರಿಯೂ ಇಲ್ಲದ ಕಡೆ ಲೇನ್ ಕಿತ್ತರೆ ದಟ್ಟಣೆ ಹೆಚ್ಚುವುದು ಖಂಡಿತ.

ಜಾಗದ ಬಳಕೆಯ ಲೆಕ್ಕವೂ ಮುಖ್ಯ. ಉತ್ತರ ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಸಂಘ ‘ನ್ಯಾಕ್ಟೊ’ ಕೊಡುವ ಅಂದಾಜಿನಂತೆ ಸುಮಾರು ಮೂರು ಮೀಟರ್ ಅಗಲದ ಒಂದು ಲೇನ್‌ನಲ್ಲಿ ಖಾಸಗಿ ವಾಹನಗಳು ಗಂಟೆಗೆ 600ರಿಂದ 1,600 ಜನರನ್ನು ಸಾಗಿಸಬಲ್ಲವು. ಅಷ್ಟೇ ಅಗಲದ ಸಂರಕ್ಷಿತ ಸೈಕಲ್ ಪಥ 6,500ರಿಂದ 7,500 ಜನರನ್ನು ಸಾಗಿಸಬಲ್ಲದು. ಇದು ಸಾಮರ್ಥ್ಯ ಮಾತ್ರ. ಅಷ್ಟು ಜನ ಬರುತ್ತಾರೋ ಇಲ್ಲವೋ ಎಂಬುದನ್ನು ಮೇಲೆ ಹೇಳಿದ ಜಂಕ್ಷನ್‌ಗಳು ನಿರ್ಧರಿಸುತ್ತವೆ.

ಇನ್ನೂ ಆಳವಾದ ಪರಿಹಾರವೊಂದನ್ನು ನೆದರ್ಲೆಂಡ್ಸ್‌ನ ಗ್ರೋನಿಂಗನ್ 1977ರಲ್ಲೇ ಜಾರಿಗೆ ತಂದಿತು. ಪೇಟೆಯ ನಡುಭಾಗವನ್ನು ನಾಲ್ಕು ತುಂಡು ಮಾಡಿ, ಒಂದು ತುಂಡಿನಿಂದ ಇನ್ನೊಂದಕ್ಕೆ ಕಾರಿನಲ್ಲಿ ನೇರ ಹೋಗದಂತೆ ಮಾಡಿದರು. ಕಾರಿನವರು ವರ್ತುಲ ರಸ್ತೆಗೆ ಹೊರಬಂದು ಸುತ್ತಿ ಒಳಬರಬೇಕು. ನಡೆಯುವವರು, ಸೈಕಲ್‌ನವರು ನೇರ ದಾಟಬಹುದು. ಕಾರು ಎಲ್ಲಿಗೂ ಹೋಗಬಾರದೆಂದು ಯಾರೂ ತಡೆಯಲಿಲ್ಲ. ಪೇಟೆಗೆ ಕೆಲಸವಿಲ್ಲದೆ ಅದನ್ನು ಬರೀ ಸೀಳಿಕೊಂಡು ಹೋಗುತ್ತಿದ್ದ ಓಡಾಟ ಮಾತ್ರ ನಿಂತಿತು. ಬೆಲ್ಜಿಯಂನ ಗೆಂಟ್ ನಗರ 2017ರಲ್ಲಿ ಇದೇ ಮಾದರಿ ಹಿಡಿಯಿತು. ಇಂಥ ಕಡೆ ಒಳಬೀದಿಗಳಿಗೆ ಪಥ ಕಟ್ಟುವ ಅಗತ್ಯವೇ ಬಹುಮಟ್ಟಿಗೆ ಬೀಳುವುದಿಲ್ಲ.

ಅಂಗಡಿಯವರ ಆತಂಕ

ಪಥಕ್ಕಾಗಿ ಪಾರ್ಕಿಂಗ್ ತೆಗೆದರೆ ವ್ಯಾಪಾರ ಕುಸಿಯುತ್ತದೆ ಎಂಬ ಭಯ ಪ್ರಾಮಾಣಿಕವಾದದ್ದು. ಬದುಕೇ ಆ ಅಂಗಡಿಯ ಮೇಲೆ ನಿಂತಿರುವವರಿಗೆ ಅಂಕಿಅಂಶ ಹೇಳಿ ಬಾಯಿ ಮುಚ್ಚಿಸಲಾಗದು. ಆದರೂ ಅಂಕಿಗಳನ್ನು ನೋಡಬೇಕು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅಂಗಡಿಯವರು ತಮ್ಮ ಗಿರಾಕಿಗಳಲ್ಲಿ ಶೇ 41 ಮಂದಿ ಕಾರಿನಲ್ಲಿ ಬರುತ್ತಾರೆ ಎಂದು ಅಂದಾಜಿಸಿದ್ದರು. ಗಿರಾಕಿಗಳನ್ನೇ ಕೇಳಿದಾಗ ಅದು ಶೇ 22 ಎಂದು ತಿಳಿಯಿತು. ನ್ಯೂಯಾರ್ಕ್‌ನ ಒಂಬತ್ತನೇ ಅವೆನ್ಯೂದಲ್ಲಿ 2007ರಲ್ಲಿ ಪಥವನ್ನು ಫುಟ್‌ಪಾತ್ ಮತ್ತು ನಿಂತ ಕಾರುಗಳ ನಡುವೆ ತಂದು, ಕಾರುಗಳ ಸಾಲನ್ನೇ ಗೋಡೆಯಾಗಿ ಬಳಸಿದರು. ಅಲ್ಲಿನ ಸ್ಥಳೀಯ ಅಂಗಡಿಗಳ ಮಾರಾಟ ಶೇ 49ರವರೆಗೆ ಏರಿತು, ಇಡೀ ಮ್ಯಾನ್‌ಹ್ಯಾಟನ್‌ನಲ್ಲಿ ಏರಿಕೆ ಶೇ 3 ಎಂದು ನಗರದ ಸಾರಿಗೆ ಇಲಾಖೆ 2012ರಲ್ಲಿ ವರದಿ ಮಾಡಿತು. ಒಂದು ಪುಟ್ಟ ಭಾಗದ ಅಂಕಿ ಇದು, ಪಥವೊಂದೇ ಕಾರಣ ಎನ್ನಲಾಗದು. ಕುಸಿತವಾಗಲಿಲ್ಲ ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು. ಟೊರಾಂಟೊದಲ್ಲಿ ತೆಗೆಯಲು ಹೊರಟ ಬ್ಲೂರ್ ರಸ್ತೆಯಲ್ಲೇ 2016ರಲ್ಲಿ ಪಥ ಬಂದ ಬಳಿಕ ಗಿರಾಕಿಗಳ ಭೇಟಿ ಮತ್ತು ಖರ್ಚು ಎರಡೂ ಹೆಚ್ಚಿದ್ದವು.

ಸರಕು ಇಳಿಸುವ ಸಮಸ್ಯೆ ಮಾತ್ರ ನಿಜವಾದದ್ದು, ಅದನ್ನು ಮರೆತ ಯೋಜನೆ ಮೊದಲ ವಾರದಲ್ಲೇ ಕೆಡುತ್ತದೆ. ಗಾಡಿ ನಿಲ್ಲಿಸಲು ಗೊತ್ತುಪಡಿಸಿದ ಜಾಗವಿಲ್ಲದಿದ್ದರೆ ಚಾಲಕ ಪಥದಲ್ಲೇ ನಿಲ್ಲಿಸುತ್ತಾನೆ, ಅವನಿಗೆ ಬೇರೆ ದಾರಿಯಿಲ್ಲ. ಸವಾರ ಅದನ್ನು ಸುತ್ತಿಕೊಂಡು ಓಡುವ ವಾಹನಗಳ ನಡುವೆ ನುಗ್ಗಬೇಕಾಗುತ್ತದೆ. ಪ್ರತಿ ಬೀದಿಗೂ ಸರಕಿನ ಜಾಗ ಮತ್ತು ಹೊತ್ತು ಗೊತ್ತು ಮಾಡುವುದು ಪಥದ ವಿನ್ಯಾಸದ ಭಾಗವೇ ಆಗಬೇಕು.

ಬಸ್ ನಿಲ್ದಾಣದ ಬಳಿಯ ಸಂಘರ್ಷ

ಹೆಚ್ಚು ಗಮನ ಸಿಗದ ಆಕ್ಷೇಪ ದೃಷ್ಟಿದೋಷವುಳ್ಳವರದ್ದು. ಬಸ್ ನಿಲ್ದಾಣದ ಹಿಂಬದಿಯಿಂದ ಪಥ ಹಾಯಿಸಿದರೆ ಬಸ್ಸು ಮತ್ತು ಸೈಕಲ್ ನಡುವಿನ ಘರ್ಷಣೆ ತಪ್ಪುತ್ತದೆ. ಆದರೆ ಬಸ್ಸಿನಿಂದ ಇಳಿದವರು ಫುಟ್‌ಪಾತ್ ಸೇರಲು ಪಥ ದಾಟಬೇಕು. ಸದ್ದೇ ಮಾಡದೆ ಬರುವ ಸೈಕಲ್ ಕಣ್ಣು ಕಾಣದವರಿಗೆ ಗೊತ್ತಾಗುವುದು ಹೇಗೆ? ಅವರ ಭಯ ಪೂರ್ತಿ ನ್ಯಾಯವಾದದ್ದು. ದಾಟುವ ಕಡೆ ಪಥವನ್ನು ಫುಟ್‌ಪಾತ್ ಎತ್ತರಕ್ಕೆ ಏರಿಸಿ ಸೈಕಲ್ ನಿಧಾನಿಸುವಂತೆ ಮಾಡುವುದು, ಕಾಲಿಗೆ ತಿಳಿಯುವ ಉಬ್ಬುಕಲ್ಲು ಹಾಸುವುದು, ಪಾದಚಾರಿಗೆ ಸ್ಪಷ್ಟ ಆದ್ಯತೆ ಕೊಡುವುದು ಅಗತ್ಯ. ವಿನ್ಯಾಸ ಮುಗಿದ ಮೇಲೆ ಅವರ ಅಭಿಪ್ರಾಯ ಕೇಳುವ ಬದಲು ನಕ್ಷೆ ಹಾಕುವಾಗಲೇ ಜೊತೆಯಲ್ಲಿ ಕೂರಿಸಿಕೊಳ್ಳಬೇಕು. ಫುಟ್‌ಪಾತ್ ಕತ್ತರಿಸಿ ಪಥ ಮಾಡುವ ಯೋಜನೆಯನ್ನಂತೂ ಒಪ್ಪಲೇಬಾರದು. ಅದು ರಸ್ತೆಯ ಅತ್ಯಂತ ದುರ್ಬಲರಿಂದ ಕಿತ್ತುಕೊಂಡು ಇನ್ನೊಬ್ಬ ದುರ್ಬಲರಿಗೆ ಕೊಡುವ ಕೆಲಸ.

ಪಥದಿಂದ ಆಂಬುಲೆನ್ಸ್‌ಗೆ ಅಡ್ಡಿಯಾಗುವುದಿಲ್ಲವೇ ಎಂಬ ಪ್ರಶ್ನೆಗೆ ಉತ್ತರ ಸರಳ: ಪಥ ಸಾಕಷ್ಟು ಅಗಲವಿದ್ದು ಅಂಚು ಇಳಿಜಾರಾಗಿದ್ದರೆ ತುರ್ತು ವಾಹನ ಅದರಲ್ಲೇ ಹೋಗಬಹುದು. ಸೈಕಲ್‌ಗಳು ಬದಿಗೆ ಸರಿಯುವಷ್ಟು ಬೇಗ ಕಾರುಗಳ ಸಾಲು ಸರಿಯಲಾರದು.

ತುಂಡು ಪಥ, ಪೂರ್ಣ ಜಾಲ

1971ರಲ್ಲಿ ನೆದರ್ಲೆಂಡ್ಸ್‌ನ ರಸ್ತೆಗಳಲ್ಲಿ 3,200ಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಹೆಸರಿನಲ್ಲೇ ಪೋಷಕರು ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟು ಅದಕ್ಕೆ ಬಲ ಕೊಟ್ಟಿತು. ಇಂದು ಸೈಕಲ್‌ನ ತವರೆನಿಸಿದ ದೇಶ ಹುಟ್ಟಿನಿಂದ ಹಾಗಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ಅವರ ಮೊದಲ ಪ್ರಯತ್ನವೂ ಪೂರ್ತಿ ಫಲ ಕೊಡಲಿಲ್ಲ. 70ರ ದಶಕದಲ್ಲಿ ಹೇಗ್ ಮತ್ತು ಟಿಲ್‌ಬರ್ಗ್ ನಗರಗಳಲ್ಲಿ ಒಂದೊಂದು ಉತ್ತಮ ಮಾದರಿ ಮಾರ್ಗ ಕಟ್ಟಿದರು. ಇದ್ದ ಸವಾರರು ಆ ಮಾರ್ಗಕ್ಕೆ ಬಂದರು, ಒಟ್ಟು ಸೈಕಲ್ ಬಳಕೆ ಅಷ್ಟೇನೂ ಏರಲಿಲ್ಲ. ಆಮೇಲೆ ಡೆಲ್ಫ್ಟ್ ನಗರದಲ್ಲಿ ಇಡೀ ಊರಿಗೆ ಒಂದಕ್ಕೊಂದು ಕೂಡಿಕೊಂಡ ಜಾಲ ನಿರ್ಮಿಸಿದಾಗ ಬಳಕೆ ಏರಿತು.

ಸ್ಪೇನಿನ ಸೆವಿಲ್ಲೆ ಇದನ್ನು ಅರಿತು ಒಮ್ಮೆಗೇ ಕೈ ಹಾಕಿತು. 2006ರಿಂದ ಆರಂಭಿಸಿ ಎರಡು ವರ್ಷದೊಳಗೆ ಸುಮಾರು 80 ಕಿಲೊಮೀಟರ್ ಬೇರ್ಪಟ್ಟ, ಒಂದಕ್ಕೊಂದು ಸೇರಿದ ಪಥ ಕಟ್ಟಿತು. ಅದಕ್ಕಾಗಿ 5,000ದಷ್ಟು ಪಾರ್ಕಿಂಗ್ ಜಾಗ ಬಿಟ್ಟುಕೊಟ್ಟಿತು. ಸೈಕಲ್ ಸಂಸ್ಕೃತಿಯೇ ಇಲ್ಲದಿದ್ದ, ಬೇಸಿಗೆಯಲ್ಲಿ ಸುಡುವ ಊರದು. ಕೆಲವೇ ವರ್ಷಗಳಲ್ಲಿ ಸೈಕಲ್ ಓಡಾಟ ಹತ್ತು ಪಟ್ಟಿಗೂ ಮೀರಿ ಬೆಳೆಯಿತು. ಸವಾರರು ಹೆಚ್ಚಿದಷ್ಟೂ ಒಬ್ಬೊಬ್ಬರ ಅಪಾಯ ಇಳಿಯುತ್ತದೆ ಎಂಬುದನ್ನು ಸಂಶೋಧಕ ಪೀಟರ್ ಜೇಕಬ್‌ಸನ್ 2003ರಲ್ಲೇ ತೋರಿಸಿದ್ದರು. ಸವಾರರು ಎರಡು ಪಟ್ಟಾದರೆ ಅಪಘಾತ ಎರಡು ಪಟ್ಟಾಗದೆ ಮೂರನೆಯ ಒಂದು ಭಾಗದಷ್ಟು ಮಾತ್ರ ಏರುತ್ತದೆ, ಏಕೆಂದರೆ ಚಾಲಕರ ಕಣ್ಣು ಸೈಕಲ್‌ಗೆ ಹೊಂದಿಕೊಳ್ಳುತ್ತದೆ.

ಯೋಜನೆ ಎಲ್ಲಿಂದ ಆರಂಭವಾಗಬೇಕು

ಇಷ್ಟೆಲ್ಲ ನೋಡಿದ ಮೇಲೆ ಟೊರಾಂಟೊ ಗೊಂದಲದ ಎಳೆ ಬಿಡಿಸಬಹುದು. ಬೇರ್ಪಟ್ಟ ಪಥ ಜೀವ ಉಳಿಸುತ್ತದೆ ಎಂಬುದಕ್ಕೆ ಪುರಾವೆ ಬಲವಾಗಿದೆ. ಅದನ್ನು ಕಿತ್ತರೆ ದಟ್ಟಣೆ ತಗ್ಗುತ್ತದೆ ಎಂಬುದಕ್ಕೆ ಇಲ್ಲ. ಕಿತ್ತಾಗ ಸವಾರರು ಮಾಯವಾಗುವುದೂ ಇಲ್ಲ. ಧೈರ್ಯವಿದ್ದವರು ಅದೇ ರಸ್ತೆಯಲ್ಲಿ ವಾಹನಗಳ ಮುಂದೆ ಕಾಣಿಸಿಕೊಳ್ಳುತ್ತಾರೆ, ಇಲ್ಲದವರಲ್ಲಿ ಕೆಲವರು ಕಾರು ಹತ್ತಿ ಅದೇ ಸಾಲಿನಲ್ಲಿ ಸೇರಿಕೊಳ್ಳುತ್ತಾರೆ, ಮಕ್ಕಳನ್ನು ಯಾರಾದರೂ ದೊಡ್ಡವರು ವಾಹನದಲ್ಲಿ ಬಿಟ್ಟುಬರಬೇಕಾಗುತ್ತದೆ.

ಹೊಸದಾಗಿ ಯೋಚಿಸುವ ಊರುಗಳು ಕೆಲಸದ ಕ್ರಮವನ್ನು ಬದಲಿಸಿಕೊಳ್ಳಬೇಕು. ಈಗಿನ ರೂಢಿಯಲ್ಲಿ ಅಗಲವಾದ ರಸ್ತೆ ಮೊದಲು, ಕಷ್ಟದ ಜಂಕ್ಷನ್ ಕೊನೆಗೆ. ಕೊನೆ ಬರುವಷ್ಟರಲ್ಲಿ ಹಣವೂ ತಾಳ್ಮೆಯೂ ಮುಗಿದಿರುತ್ತವೆ. ಬದಲಾಗಿ ಶಾಲೆ, ಮಾರುಕಟ್ಟೆ, ಬಸ್ ನಿಲ್ದಾಣಗಳನ್ನು ಕೂಡಿಸುವ ದಾರಿಯಲ್ಲಿನ ಅತ್ಯಂತ ಭಯ ಹುಟ್ಟಿಸುವ ಜಂಕ್ಷನ್‌ಗಳನ್ನು ಮೊದಲು ಸರಿಪಡಿಸಿ, ನಂತರ ಅವುಗಳ ನಡುವೆ ಪಥ ಎಳೆಯಬೇಕು. ಕಾಯಂ ಕಟ್ಟುವ ಮುನ್ನ ಪ್ಲಾಸ್ಟಿಕ್ ಗೂಟ, ಸಿಮೆಂಟ್ ದಿಂಡುಗಳಿಂದ ಪ್ರಯೋಗ ಮಾಡಿ ನೋಡಬಹುದು. ಕೋವಿಡ್ ಕಾಲದಲ್ಲಿ ಯುರೋಪಿನ ಅನೇಕ ನಗರಗಳು ಹೀಗೆ ತಾತ್ಕಾಲಿಕ ಪಥಗಳನ್ನು ತೆರೆದವು. 106 ನಗರಗಳ ಎಣಿಕೆಯನ್ನು ಪರಿಶೀಲಿಸಿದ ಅಧ್ಯಯನ, ಪಥ ಬಂದ ಕಡೆ ಸೈಕಲ್ ಓಡಾಟ ಶೇ 11ರಿಂದ 48ರಷ್ಟು ಏರಿದ್ದನ್ನು ಗುರುತಿಸಿತು. ತಪ್ಪು ಕಂಡರೆ ಗೂಟವನ್ನು ಒಂದು ರಾತ್ರಿಯಲ್ಲಿ ಸರಿಸಬಹುದು. ಕಲ್ಲನ್ನು ಸರಿಸಲಾಗದು.

ಪ್ರಯೋಗಕ್ಕೆ ಮೊದಲು ಮತ್ತು ಆರು ತಿಂಗಳ ಬಳಿಕ ಎಣಿಕೆ ನಡೆಯಬೇಕು. ವಾಹನಗಳು ಪೇಟೆ ದಾಟಲು ಹಿಡಿಯುವ ಸಮಯ, ಬಸ್ಸಿನ ವೇಗ, ಅಂಗಡಿಗಳ ವ್ಯಾಪಾರ, ಗಾಯಾಳುಗಳ ಸಂಖ್ಯೆ ಎಲ್ಲವೂ ದಾಖಲಾಗಬೇಕು. ಸವಾರರನ್ನು ಎಣಿಸುವವರು ಒಟ್ಟು ಸಂಖ್ಯೆಯ ಜೊತೆ ಮಕ್ಕಳೆಷ್ಟು, ಹೆಂಗಸರೆಷ್ಟು, ವಯಸ್ಸಾದವರೆಷ್ಟು ಎಂದೂ ಬರೆದುಕೊಳ್ಳಬೇಕು. ಪ್ರತಿ ಜಂಕ್ಷನ್‌ನಲ್ಲಿ ಸೈಕಲ್‌ನಿಂದ ಇಳಿದು ತಳ್ಳಿಕೊಂಡು ದಾಟಿದವರು ಎಷ್ಟು ಎಂಬುದಕ್ಕೂ ಒಂದು ಕಾಲಂ ಇರಲಿ. ಮುಂದಿನ ವರ್ಷದ ಹಣ ಯಾವ ಮೂಲೆಗೆ ಹೋಗಬೇಕು ಎಂಬುದನ್ನು ಆ ಕಾಲಂ ತೋರಿಸುತ್ತದೆ.